ಕೆಟರಿಂಗ್ ಬೂಟು, ಉಳ್ಳಾರ್ತಿ ಕಾಲು

3 ಫೆಬ್ರವರಿ 2025, ಸೋಮವಾರ

ಲೆಸ್ಟರ್‌ನಲ್ಲಿರುವ ಅಕ್ಕನ ಮಗ ನಿನ್ನೆ ರಾತ್ರಿ ಬಂದ. ಅವನ ಬೂಟು ಜಗುಲಿಯ ಮೇಲೆ ನನ್ನ ಕೋರ್ಟ್ ಬೂಟಿನ ಪಕ್ಕದಲ್ಲಿದೆ. ಎರಡೂ ಕಪ್ಪು, ಎರಡಕ್ಕೂ ಲೇಸು, ಎರಡರ ಮೇಲೂ 8 ಅಂತಲೇ ಬರೆದಿದೆ. ನನ್ನದು ಎರಡು ಸಾವಿರದ ಚಿಲ್ಲರೆಯದು. ಹೋದ ಬೇಸಿಗೆಯಲ್ಲಿ ಅಂಟು ಬಿಟ್ಟು ಮುಂದುಗಡೆ ಬಾಯಿ ತೆರೆದಿತ್ತು, ಹೊಲಿಸಿಕೊಂಡು ಓಡಾಡುತ್ತಿದ್ದೇನೆ. ಅವನದು ನಾರ್ಥಾಂಪ್ಟನ್ ಸೀಮೆಯ ಕೆಟರಿಂಗ್ ಊರಿನ ಲೋಕ್ ಕಂಪನಿಯದು. 1880ರಿಂದ ಅಲ್ಲಿ ಬೂಟು ಮಾಡುತ್ತಿದ್ದಾರಂತೆ. ಬೆಲೆ 300 ಪೌಂಡಿನ ಆಸುಪಾಸು.

ನನ್ನ ಹೆಂಡತಿ ಅಡಿಗೆಮನೆಯಿಂದಲೇ ಲೆಕ್ಕ ಹಾಕಿದಳು. “ಮೂವತ್ತೆರಡು ಸಾವಿರ! ಆ ದುಡ್ಡಿಗೆ ಒಂದು ಹಸ ಬರ್ತಿತ್ತಲ್ಲಪ್ಪಾ.” ಹಸು ತಂದರೆ ಚರ್ಮವೂ ಜೊತೆಗೇ ಬರುತ್ತದೆ ಅಂದೆ. ಅವಳಿಗೆ ಹಿಡಿಸಲಿಲ್ಲ.

“ಹಾಕ್ಕೊಂಡ್ ನೋಡಿ ಮಾವ” ಅಂದ. ಉದ್ದ ಸರಿಯಾಗಿತ್ತು. ಕಿರುಬೆರಳ ಬುಡದಲ್ಲಿ ಮಾತ್ರ ಇಕ್ಕಳ ಹಾಕಿ ಹಿಡಿದಂತಾಯಿತು. ಅದು ಆಕ್ಸ್‌ಫರ್ಡ್ ಮಾದರಿ; ಲೇಸು ಕಟ್ಟುವ ಎರಡು ಅಂಚುಗಳೂ ಕೂಡಿಕೊಳ್ಳಬೇಕು. ನನ್ನ ಕಾಲಿನ ಮೇಲೆ ನಡುವೆ ಎರಡು ಬೆರಳು ಜಾಗ ಉಳಿಯಿತು.

9 ಫೆಬ್ರವರಿ, ಭಾನುವಾರ

ಅಗಲದ ವಿಷಯ ತಲೆಯಿಂದ ಹೋಗಲಿಲ್ಲ. ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ಇಂಗ್ಲೆಂಡಿನ ಬೂಟಿಗೆ ಎರಡು ಅಳತೆ. ಉದ್ದಕ್ಕೆ ಅಂಕಿ: ಒಂದು ಸೈಜಿಗೂ ಮುಂದಿನದಕ್ಕೂ ಅಂತರ ಒಂದು ಬಾರ್ಲಿ ಕಾಳಿನಷ್ಟು, ಅಂದರೆ ಇಂಚಿನ ಮೂರನೇ ಒಂದು ಪಾಲು. ಅಗಲಕ್ಕೆ ಅಕ್ಷರ: ಲೋಕ್‌ನವರಿಗೆ ಎಫ್ ಸಾಧಾರಣ, ಜಿ ಅಗಲ. ಕ್ರಾಕೆಟ್ ಅಂಡ್ ಜೋನ್ಸ್‌ನವರಿಗೆ ಇ ಅಕ್ಷರವೇ ಸಾಧಾರಣ. ಒಂದೇ ಸೀಮೆಯ ಕಾರ್ಖಾನೆಗಳಿಗೆ ಒಂದು ಅಕ್ಷರಮಾಲೆ ಹೊಂದಿಸಿಕೊಳ್ಳಲು ಆಗಿಲ್ಲ!

ನಾವು ಉದ್ದದ ಅಂಕಿಯನ್ನು ಅವರಿಂದ ತಂದುಕೊಂಡೆವು, ಅಗಲದ ಅಕ್ಷರವನ್ನು ಅಲ್ಲೇ ಬಿಟ್ಟೆವು. ಚಳ್ಳಕೆರೆಯ ಯಾವ ಅಂಗಡಿಯಲ್ಲಾದರೂ ಅಗಲ ಕೇಳಿ, “ಒಂದು ನಂಬರ್ ದೊಡ್ಡದು ಕೊಡ್ಲಾ ಸಾರ್?” ಅನ್ನುತ್ತಾರೆ. ದೊಡ್ಡದು ತೊಟ್ಟರೆ ಹಿಮ್ಮಡಿ ಜಾರುತ್ತದೆ, ಬೂಟು ಮಡಿಯುವ ಜಾಗವೂ ಬೆರಳ ಬುಡವೂ ಬೇರೆಬೇರೆಯಾಗಿ ಗೆರೆ ಬೀಳಬಾರದ ಕಡೆ ಬೀಳುತ್ತದೆ. ನನ್ನ ಹಳೆಯ ಬೂಟುಗಳೆಲ್ಲ ಅಲ್ಲೇ ಹರಿದದ್ದು.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ನಮ್ಮ ಪಾದ ಯುರೋಪಿನವರದಕ್ಕಿಂತ ಅಗಲ ಎಂದು ಹೇಳಿದ್ದು ಹೋದ ವರ್ಷ ಪತ್ರಿಕೆಗಳಲ್ಲಿ ಬಂದಿತ್ತು. ‘ಭಾ’ ಎಂಬ ಹೊಸ ಅಳತೆ ತರುವ ಮಾತೂ ಇತ್ತು. ಬರಿಗಾಲಲ್ಲಿ, ಇಲ್ಲವೇ ಬೆರಳು ಹರಡಿ ನಿಲ್ಲುವ ಮೆಟ್ಟಿನಲ್ಲಿ ಬೆಳೆದ ಕಾಲು ಇದು. ಹೈಸ್ಕೂಲಿನವರೆಗೆ ನಾನು ಬೂಟು ಕಂಡದ್ದು ಪೊಲೀಸರ ಕಾಲಲ್ಲಿ.

14 ಫೆಬ್ರವರಿ, ಶುಕ್ರವಾರ

ಕೋರ್ಟು ಬೇಗ ಮುಗಿಯಿತು. ಹುಡುಗನ ಬೂಟನ್ನು ಚೀಲದಲ್ಲಿ ಒಯ್ದಿದ್ದೆ. ಚಳ್ಳಕೆರೆಯಲ್ಲಿ ನನಗೆ ಹೊಲಿದುಕೊಡುವ ಯಜಮಾನರ ಮುಂದೆ ಇಟ್ಟೆ. ಅವರು ಹೊಳಪನ್ನು ನೋಡಲೇ ಇಲ್ಲ. ತಿರುವಿ ಹಾಕಿ ಅಟ್ಟೆಯ ಅಂಚಿನಲ್ಲಿ ಉಗುರು ಆಡಿಸಿದರು. ಮೇಲ್ಚರ್ಮಕ್ಕೂ ಅಟ್ಟೆಗೂ ನಡುವೆ ಸುತ್ತಲೂ ಒಂದು ಕಿರಿದಾದ ಚರ್ಮದ ಪಟ್ಟಿ. ಮೇಲ್ಚರ್ಮ ಆ ಪಟ್ಟಿಗೆ ಒಳಗಿನಿಂದ ಒಂದು ಹೊಲಿಗೆ, ಪಟ್ಟಿ ಅಟ್ಟೆಗೆ ಹೊರಗಿನಿಂದ ಇನ್ನೊಂದು ಹೊಲಿಗೆ. ಗುಡ್‌ಇಯರ್ ವೆಲ್ಟ್ ಅನ್ನುವುದು ಇದನ್ನೇ. ಅಟ್ಟೆ ಸವೆದಾಗ ಹೊರಗಿನ ಹೊಲಿಗೆ ಬಿಚ್ಚಿದರೆ ಸಾಕು, ಮೇಲ್ಚರ್ಮಕ್ಕೆ ಹೊಸ ತೂತು ಬೀಳುವುದಿಲ್ಲ.

“ಈ ಪಟ್ಟಿ ಐತಲ್ಲ ಸಾ, ಇದೇ ಕೆಲ್ಸ. ಬಿಚ್ಚಿ ಕೈಯಾಗೇ ಒಲಿಬೋದು. ಅಚ್ಚು ಎಲ್ಲಿಂದ ತರಾನ? ಅಚ್ಚಿಲ್ದೆ ಎಳುದ್ರೆ ಸೊಟ್ಟ ಆತದೆ.”

ಅಚ್ಚು ಅಂದರೆ ಬೂಟನ್ನು ಏರಿಸಿ ಹೊಲಿಯುವ ಪಾದದಾಕಾರದ ದಿಮ್ಮಿ. ನನ್ನ ಬೂಟು ತೋರಿಸಿದೆ. ನಕ್ಕರು. ಅದರ ಮೇಲ್ಭಾಗದ ಹೊಳಪು ಚರ್ಮದ್ದಲ್ಲ, ಬಳಿದ ಪದರದ್ದು. ಮಡಿಕೆಯಲ್ಲಿ ಸುಲಿದು ಕೆಳಗಿನ ಬೂದು ಕಾಣುತ್ತಿದೆ. ಹುಡುಗನದು ಕರುವಿನ ಚರ್ಮ. ಅದೇ ಜಾಗದಲ್ಲಿ ಸಣ್ಣ ಸಣ್ಣ ನೆರಿಗೆ, ಬೆರಳಿಂದ ಸವರಿದರೆ ಅರ್ಧ ಮಾಯ.

ಇಷ್ಟು ಬಲ್ಲ ಈ ಹಿರಿಯರ ತಂದೆ ನಮ್ಮ ಹೋಬಳಿಯ ಕೆಲವು ಬೀದಿಗಳಲ್ಲಿ ತಾವೇ ಮಾಡಿದ ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಅದನ್ನು ಅವರು ಹೇಳಿದ್ದು ಮೇಣ ಹಚ್ಚಿದ ದಾರ ಹೊಸೆಯುತ್ತಾ, ತಲೆ ಎತ್ತದೆ. ನಾನು ಏನೂ ಅನ್ನಲಿಲ್ಲ.

23 ಫೆಬ್ರವರಿ, ಭಾನುವಾರ

ಹುಡುಗನ ಜೊತೆ ಕಾವಲಿನ ಕಡೆ ಹೋಗಿದ್ದೆ. ಅಮೃತಮಹಲ್ ದನ ಮೇಯುತ್ತಿದ್ದ ಉಳ್ಳಾರ್ತಿ ಕಾವಲಿನಲ್ಲಿ ಈಗ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಕೊಟ್ಟ ಜಾಗ, ಗೋಡೆ. ಗೋಡೆಯ ಈಚೆ ತಂಗಡಿ ಗಿಡ ಬೇಕಾದಷ್ಟು. ಇದರ ತೊಗಟೆಯಲ್ಲೇ ಹಿಂದೆ ಚರ್ಮ ಹದ ಮಾಡುತ್ತಿದ್ದರು. ಮೇಲೆ ಅಳಲೆಕಾಯಿ ನೀರು. ಹೀಗೆ ಹದವಾದ ದಕ್ಷಿಣ ಸೀಮೆಯ ಚರ್ಮ ‘ಈಸ್ಟ್ ಇಂಡಿಯಾ ಕಿಪ್’ ಎಂಬ ಹೆಸರಲ್ಲಿ ಮದ್ರಾಸ್ ಬಂದರಿನಿಂದ ಲಂಡನ್ನಿಗೆ ಹಡಗೇರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ, 1916ರಿಂದ, ಸೈನಿಕರ ಬೂಟಿಗೆಂದು ಸರ್ಕಾರವೇ ಅದನ್ನು ಕೊಳ್ಳತೊಡಗಿತು. ತೊಗಟೆಯ ಬದಲು ಕ್ರೋಮಿಯಂ ಲವಣದಿಂದ ಮಾಡುವ ಕ್ರೋಮ್ ಹದವನ್ನು ಮದ್ರಾಸಿನಲ್ಲಿ ಊರ್ಜಿತಗೊಳಿಸಿದ ಆಲ್ಫ್ರೆಡ್ ಚಾಟರ್ಟನ್ ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದ.

ಕ್ರೋಮ್ ಹದ ಬೇಗ ಆಗುತ್ತದೆ, ಚರ್ಮ ಮೆತ್ತಗಿರುತ್ತದೆ, ಮೇಲ್ಭಾಗಕ್ಕೆ ಒಳ್ಳೆಯದು. ಅಟ್ಟೆಗೆ ಈಗಲೂ ತೊಗಟೆಯ ಹದವೇ ಮೇಲು. ಇಂಗ್ಲೆಂಡಿನ ಡೆವನ್ ಸೀಮೆಯ ಕಾಲಿಟನ್‌ನಲ್ಲಿ ಬೇಕರ್ ಮನೆತನದವರು ಇವತ್ತಿಗೂ ಓಕ್ ತೊಗಟೆಯ ಗುಂಡಿಯಲ್ಲಿ ವರ್ಷದ ಮೇಲೆ ಚರ್ಮ ನೆನೆಹಾಕುತ್ತಾರೆ, ಅದಕ್ಕೆ ಒಳ್ಳೆಯ ಬೆಲೆಯೂ ಇದೆ. ನಮ್ಮ ತಂಗಡಿಯ ಹೂವನ್ನು ಮೇಕೆ ಕೂಡ ಮೂಸುತ್ತಿಲ್ಲ.

4 ಮಾರ್ಚ್, ಮಂಗಳವಾರ

ಬೆಲೆಗೆ ತಕ್ಕ ಬಾಳಿಕೆ ಉಂಟೋ? ಹುಡುಗನ ವಾದ: ಇಂಥ ಬೂಟನ್ನು ಕಾರ್ಖಾನೆಗೇ ಕಳಿಸಿದರೆ ಮೊದಲು ಮಾಡಿದ ಅಚ್ಚಿನ ಮೇಲೇ ಏರಿಸಿ ಹೊಸ ಅಟ್ಟೆ ಹಾಕಿಕೊಡುತ್ತಾರೆ, ಹತ್ತು ಹದಿನೈದು ವರ್ಷ ಚಿಂತೆಯಿಲ್ಲ. ಸರಿ, ಆದರೆ ನಮ್ಮ ದೊಡ್ಡಉಳ್ಳಾರ್ತಿಯಿಂದ ಕೆಟರಿಂಗಿಗೆ ಪಾರ್ಸಲ್ ಕಳಿಸುವವರು ಯಾರು? ಅಂಚೆ ಖರ್ಚಿಗೇ ನನ್ನ ಮಾಮೂಲಿ ಬೂಟು ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಊರೇ ವಾಸಿ. ಚರ್ಮದ ಅಟ್ಟೆಗೆ ನೀರು ಶತ್ರು. ಅಲ್ಲಿ ವರ್ಷವೆಲ್ಲ ಜಿಟಿಜಿಟಿ. ಇಲ್ಲಿ 500 ಮಿ.ಮೀ. ಬಿದ್ದರೆ ಜನ ಹೋಳಿಗೆ ಮಾಡುತ್ತಾರೆ. ಆದರೆ ಬಿಸಿಲಿಗೆ ಚರ್ಮ ಒಣಗಿ ಬಿರಿಯುತ್ತದೆ, ತಿಂಗಳಿಗೊಮ್ಮೆ ಕ್ರೀಮು ತಿಕ್ಕಲೇಬೇಕು. ಬಳ್ಳಾರಿ ಜಾಲಿಯ ಮುಳ್ಳಿಗೆ ಲೋಕ್ ಆದರೇನು, ಬಾಟಾ ಆದರೇನು.

ಮತ್ತೆ ಬಿಚ್ಚುವ ರಗಳೆ. ಹೊಸ್ತಿಲಲ್ಲಿ ಪಾದರಕ್ಷೆ ಬಿಡದ ಜನ ತಮಗಾಗಿ ಮಾಡಿಕೊಂಡದ್ದು ಈ ಲೇಸಿನ ಬೂಟು. ನಾವು ಮನೆ, ಗುಡಿ, ಕಕ್ಷಿದಾರನ ಗೃಹಪ್ರವೇಶ ಅಂತ ಎಲ್ಲ ಕಡೆ ಬಿಡಬೇಕು. ಅವಸರಕ್ಕೆ ಲೇಸು ಬಿಚ್ಚದೆ ಕಾಲು ತುರುಕಿ ಹಿಮ್ಮಡಿ ಗೋಡೆ ಮುರಿಯುತ್ತೇವೆ. ಹುಡುಗ ಚೀಲದಿಂದ ಉದ್ದನೆಯ ಶೂ ಹಾರ್ನ್ ತೆಗೆದ. ಇವಳು ಊಟದ ಚಮಚದ ಹಿಡಿ ಸಾಕು ಅಂದಳು. ಸಾಕು, ನಿಜ.

ಆಂಬೂರು, ರಾಣಿಪೇಟೆಯಲ್ಲಿ ಹೊರದೇಶಕ್ಕೆಂದು ವೆಲ್ಟ್ ಬೂಟು ಹೊಲಿಯುತ್ತಾರೆ. ಲೋಕ್‌ನವರ ಕಡಿಮೆ ಬೆಲೆಯ ಸಾಲು ಕೂಡ ತಯಾರಾಗುವುದು ಭಾರತದಲ್ಲೇ. ನಮ್ಮ ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮ ಲಿಡ್ಕರ್ 1976ರಿಂದ ಇದೆ; ಅಲ್ಲಿ ಅಪ್ಪಟ ಚರ್ಮ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಬೇಕಾದದ್ದು ಚರ್ಮ, ಪಟ್ಟಿ, ಜಿ ಅಗಲ, ಈ ಮೂರೂ ಒಂದೇ ಜೋಡಿಯಲ್ಲಿ. ಆಕ್ಸ್‌ಫರ್ಡ್ ನನಗಲ್ಲ. ಲೇಸಿನ ಕಿವಿಗಳು ಮೇಲೆ ಬಿಡಿಯಾಗಿ ಕೂರುವ ಡರ್ಬಿ ನನ್ನ ಎತ್ತರದ ಪಾದಕ್ಕೆ ಸಡಿಲ ಕೊಡುತ್ತದೆ.

11 ಮಾರ್ಚ್, ಮಂಗಳವಾರ

ಹುಡುಗ ವಾಪಸ್ ಹೋಗಿ ಫೋನು ಮಾಡಿದ. ಕಾರ್ಖಾನೆಯ ಅಂಗಡಿಗಳಲ್ಲಿ ಸಣ್ಣಪುಟ್ಟ ಕಲೆಯಿರುವ ಜೋಡಿಗಳನ್ನು ಕಡಿಮೆ ಬೆಲೆಗೆ ಕೊಡುತ್ತಾರಂತೆ, ಜಿ ಅಗಲದ ಕಪ್ಪು ಡರ್ಬಿ ಸಿಕ್ಕರೆ ಹಿಡಿಯಲೇ ಅಂತ ಕೇಳಿದ. ಮೊದಲು ಅಳತೆ ಕಳಿಸುತ್ತೇನೆ ಅಂದೆ. ಸಂಜೆ, ಕಾಲು ಊದಿಕೊಂಡ ಹೊತ್ತಿನಲ್ಲಿ, ಹಾಳೆಯ ಮೇಲೆ ಎರಡೂ ಪಾದ ಊರಿ ನಿಂತೆ. ಇವಳು ಪೆನ್ಸಿಲ್ಲಿನಿಂದ ಗೆರೆ ಎಳೆದಳು. ಎಡಗಾಲು ಬಲಗಾಲಿಗಿಂತ ಒಂದು ಗೆರೆ ದೊಡ್ಡದಿದೆ. ದೊಡ್ಡ ಕಾಲಿಗೇ ತಗೋ ಅಂತ ಪಕ್ಕದಲ್ಲಿ ಬರೆದೆ. ಅಚ್ಚಿನ ನಂಬರ್ ಕೇಳಿಕೊಂಡು ಬಾ ಅಂತಲೂ ಬರೆದೆ. ಆ ನಂಬರಿಗೆ ಸರಿಯಾಗಿ ಒಂದು ಜೊತೆ ಮರದ ಅಚ್ಚು ಆಂಬೂರಿನಲ್ಲಿ ಮಾಡಿಸಬಹುದೋ ನೋಡಬೇಕು. ಅಚ್ಚು ಸಿಕ್ಕರೆ ಅಟ್ಟೆ ನಾನು ನೋಡ್ಕೊತೀನಿ ಅಂದಿದ್ದಾರೆ ಯಜಮಾನರು.