ಎಡಗಾಲು ಕಲಿತ ತಾಳ

ಹೆವಿ ಮೆಟಲ್ ಎಂದರೆ ಬರೀ ಗದ್ದಲ ಎನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ, ತರಗತಿಯಲ್ಲೂ ಇದ್ದಾರೆ. ನನಗೆ ಡೆಫ್ ಲೆಪರ್ಡ್ ತಂಡ ಇಷ್ಟವಾಗಲು ಅದರ ಹಾಡುಗಳಷ್ಟೇ ಅದು ನಡೆದು ಬಂದ ದಾರಿಯೂ ಕಾರಣ.

1977ರಲ್ಲಿ ಇಂಗ್ಲೆಂಡಿನ ಉಕ್ಕಿನ ನಗರ ಶೆಫೀಲ್ಡ್‌ನಲ್ಲಿ ಹುಡುಗರು ಸೇರಿ ಕಟ್ಟಿದ ತಂಡವಿದು. ಮರುವರ್ಷ ಡ್ರಮ್ಸ್ ಬಾರಿಸಲು ಸೇರಿದ ರಿಕ್ ಆಲೆನ್ ಅವರಿಗೆ ಆಗ ಕೇವಲ 15 ವರ್ಷ, ನಮಗಿಂತಲೂ ಚಿಕ್ಕವರು! 1980ರ ಮೊದಲ ಆಲ್ಬಮ್‌ನಲ್ಲಿ ಗಿಟಾರ್‌ಗಳ ಅಬ್ಬರವೇ ಹೆಚ್ಚು. 1983ರ ‘ಪೈರೋಮೇನಿಯಾ’ದಲ್ಲಿ ಹಲವು ದನಿಗಳನ್ನು ಒಂದರ ಮೇಲೊಂದು ಜೋಡಿಸಿ ಹಾಡುವ ಇಂಪು ಸೇರಿತು. ಅಮೆರಿಕದಲ್ಲೂ ಹೆಸರಾಯಿತು.

1984ರ ಡಿಸೆಂಬರ್ 31ರಂದು ಕಾರು ಅಪಘಾತದಲ್ಲಿ ರಿಕ್ ಎಡಗೈ ಕಳೆದುಕೊಂಡರು. ವಯಸ್ಸು 21. ಬೇರೊಬ್ಬರನ್ನು ತಂದುಕೊಳ್ಳುವುದು ತಂಡಕ್ಕೆ ಸುಲಭವಿತ್ತು. ಆದರೆ ಗೆಳೆಯರು ಕಾದರು. ಎಡಗೈ ಹೊಡೆಯುತ್ತಿದ್ದ ಏಟುಗಳನ್ನು ಎಡಗಾಲಿನ ಪೆಡಲ್‌ಗಳಿಂದ ನುಡಿಸುವ ಎಲೆಕ್ಟ್ರಾನಿಕ್ ಡ್ರಮ್ಸ್ ಸಿದ್ಧವಾಯಿತು. 1986ರ ಆಗಸ್ಟ್‌ನಲ್ಲಿ ಡಾನಿಂಗ್ಟನ್‌ನ ದೊಡ್ಡ ಉತ್ಸವದಲ್ಲಿ ರಿಕ್ ಮತ್ತೆ ಬಾರಿಸಿದರು. ಮರುವರ್ಷ ಬಂದ ‘ಹಿಸ್ಟೀರಿಯಾ’ ಜಗತ್ತಿನಾದ್ಯಂತ 2 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಇದು ಮೆಟಲ್ ಅಲ್ಲ, ಪಾಪ್ ಎಂದು ಹಳೆಯ ಅಭಿಮಾನಿಗಳು ಕೆಲವರು ಗೊಣಗಿದರು. ನನಗೇನೋ ಎರಡೂ ಬಗೆಯ ಹಾಡುಗಳಲ್ಲಿ ಅದೇ ಹುಡುಗರು ಕೇಳಿಸುತ್ತಾರೆ.

ಹತ್ತನೇ ತರಗತಿವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮ. ಬಲ, ವೇಗೋತ್ಕರ್ಷ ಎಂದು ಕಲಿತಿದ್ದು ಪಿಯುಸಿಗೆ ಬಂದಾಗ ಫೋರ್ಸ್, ಆಕ್ಸಿಲರೇಶನ್ ಆಯಿತು. ಗೊತ್ತಿದ್ದ ಉತ್ತರವೂ ಬಾಯಿಗೆ ಬರುತ್ತಿರಲಿಲ್ಲ. ಕಾಮರ್ಸ್‌ಗೆ ಬದಲಾಯಿಸಿಕೋ ಎಂದರು ಕೆಲವರು. ಪಕ್ಕದಲ್ಲಿ ಕೂರುವ ಗೆಳೆಯ ಹಾಗೆನ್ನಲಿಲ್ಲ. ಊಟದ ಬಿಡುವಿನಲ್ಲಿ ದಿನಕ್ಕೊಂದು ಲೆಕ್ಕ ಹೇಳಿಕೊಡುತ್ತಿದ್ದ. ನನಗೆ ಅರ್ಥವಾಗುವ ತನಕ ಮುಂದಿನ ಪುಟ ತಿರುವುತ್ತಿರಲಿಲ್ಲ. ಲೆಕ್ಕ ಮೊದಲಿನದೇ, ಮಾಡುವ ದಾರಿ ಮಾತ್ರ ಹೊಸದು ಎಂದು ಅರ್ಥವಾಗಲು ಆರು ತಿಂಗಳು ಹಿಡಿಯಿತು.

1991ರಲ್ಲಿ ಗಿಟಾರ್ ವಾದಕ ಸ್ಟೀವ್ ಕ್ಲಾರ್ಕ್ ತೀರಿಕೊಂಡಾಗಲೂ ತಂಡ ಒಡೆಯಲಿಲ್ಲ. 2019ರಲ್ಲಿ ಅದಕ್ಕೆ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದಿತು. ರಿಕ್ ಅವರ ಛಲವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದ್ದೇ. ಕಾದು ಕುಳಿತ ಆ ನಾಲ್ವರನ್ನೂ ನೆನೆಯೋಣ. ಈ ವರ್ಷ ಪ್ರಥಮ ಪಿಯುಸಿಗೆ ಕನ್ನಡ, ಉರ್ದು ಮಾಧ್ಯಮದಿಂದ ಬಂದವರು ನಿಮ್ಮ ಬೆಂಚಿನಲ್ಲೂ ಇರಬಹುದು. ಅವರು ಉತ್ತರ ಹೇಳಲು ತಡವರಿಸಿದರೆ ಸ್ವಲ್ಪ ಕಾಯಿರಿ.