ಪೆನ್ನನ ಕಾಡಿನಲ್ಲಿ ಎಡಗೈಯ ಕೋವಿ

ಅಮೆರಿಕ ಎಂದರೆ ನಮ್ಮ ಕಣ್ಣಿಗೆ ಬರುವುದು ನ್ಯೂಯಾರ್ಕಿನ ಕಟ್ಟಡಗಳು, ನಯಾಗರಾ, ಕ್ಯಾಲಿಫೋರ್ನಿಯಾದ ಐಟಿ ಕಂಪನಿಗಳು. ಪೆನ್ಸಿಲ್ವೇನಿಯಾ ರಾಜ್ಯದ ನಡುಭಾಗವನ್ನು ನೋಡಲೆಂದೇ ಹೋಗುವವರು ಕಡಿಮೆ. ಪಿಟ್ಸ್‌ಬರ್ಗ್‌ನಿಂದ ಪೂರ್ವಕ್ಕೆ ಸುಮಾರು ಮೂರು ಗಂಟೆ ಕಾರಿನಲ್ಲಿ ಹೋದರೆ ಸ್ಟೇಟ್ ಕಾಲೇಜ್ ಎಂಬ ಊರು ಸಿಗುತ್ತದೆ. ಹೆಸರೇ ಹೇಳುವಂತೆ ವಿಶ್ವವಿದ್ಯಾಲಯದ ಊರು. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಫುಟ್‌ಬಾಲ್ ಕ್ರೀಡಾಂಗಣ ಅಲ್ಲಿದೆ. ಊರು ದಾಟಿದ ಹತ್ತೇ ನಿಮಿಷಕ್ಕೆ ಉದ್ದಕ್ಕೆ ಮಲಗಿದ ಬೆಟ್ಟದ ಸಾಲುಗಳು, ನಡುವಿನ ಕಣಿವೆಗಳಲ್ಲಿ ಜೋಳದ ಹೊಲಗಳು, ಕುದುರೆ ಗಾಡಿಯಲ್ಲಿ ಸಂತೆಗೆ ಹೊರಟ ಆಮಿಷ್ ರೈತರು. ನನ್ನ ತಂಗಿಯ ಸಂಸಾರ ಅಲ್ಲಿದೆ. ಮುಂಬೈಯ ಲೋಕಲ್ ರೈಲಿನ ನೂಕಾಟಕ್ಕೆ ಒಂದು ತಿಂಗಳು ರಜೆ ಹಾಕಿ ನಾನು ಹೋದದ್ದು ನವೆಂಬರಿನಲ್ಲಿ.

ನವೆಂಬರಿನ ಕೊನೆಯಲ್ಲಿ ಆ ಸೀಮೆಯ ಬಣ್ಣವೇ ಬದಲಾಗುತ್ತದೆ. ಎಲೆ ಉದುರಿ ಕಾಡು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಜನ ಕಿತ್ತಳೆ ಬಣ್ಣಕ್ಕೆ! ದಿನಸಿ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಚರ್ಚಿನ ಹೊರಗೆ ಎಲ್ಲೆಲ್ಲೂ ಕಣ್ಣು ಕುಕ್ಕುವ ಕಿತ್ತಳೆ ಟೋಪಿ, ಕಿತ್ತಳೆ ಜಾಕೆಟ್. ಜಿಂಕೆ ಬೇಟೆಯ ಋತು. ಕೋವಿ ಹಿಡಿದು ಕಾಡಿಗೆ ಹೋಗುವವರು ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಿತ್ತಳೆ ಬಟ್ಟೆ ತೊಡಬೇಕೆಂಬುದು ಅಲ್ಲಿನ ಕಾನೂನು. ಒಬ್ಬ ಬೇಟೆಗಾರ ಇನ್ನೊಬ್ಬನನ್ನು ಜಿಂಕೆಯೆಂದು ತಿಳಿಯಬಾರದಲ್ಲ. ದಶಕಗಳ ಕಾಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಸೋಮವಾರ ಋತುವಿನ ಮೊದಲ ದಿನವಾಗಿತ್ತು. 2019ರಿಂದ ಅದು ಶನಿವಾರಕ್ಕೆ ಬಂದಿದೆ. ಆದರೂ ಆ ಸೋಮವಾರ ಎಷ್ಟೋ ಶಾಲೆಗಳಿಗೆ ಇಂದಿಗೂ ರಜೆ. ನಮ್ಮಲ್ಲಿ ಗೌರಿ ಗಣೇಶಕ್ಕೆ ಊರಿಗೆ ಹೋಗುವ ಹಾಗೆ ಅಲ್ಲಿ ಅಜ್ಜ, ಮಗ, ಮೊಮ್ಮಕ್ಕಳು ಕಾಡಿನ ಗುಡಿಸಲುಗಳಿಗೆ ಹೋಗಿ ಸೇರುತ್ತಾರೆ.

ಈ ಕಾಡಿಗೂ ಒಂದು ಕಥೆಯಿದೆ. 1681ರಲ್ಲಿ ಇಂಗ್ಲೆಂಡಿನ ಅರಸ ವಿಲಿಯಂ ಪೆನ್ ಎಂಬಾತನಿಗೆ ಕೊಟ್ಟ ಈ ನೆಲಕ್ಕೆ ಇಟ್ಟ ಹೆಸರಿನ ಅರ್ಥವೇ ‘ಪೆನ್ನನ ಕಾಡು’. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಕಾಡೇ ಉಳಿದಿರಲಿಲ್ಲ. ಕಬ್ಬಿಣದ ಕುಲುಮೆಗಳ ಇದ್ದಿಲಿಗೆ, ಚರ್ಮ ಹದಮಾಡಲು ಬೇಕಾದ ತೊಗಟೆಗೆ, ಮನೆ ಕಟ್ಟುವ ಹಲಗೆಗೆ ಬೆಟ್ಟಗಳನ್ನೇ ಬೋಳಿಸಿದ್ದರು. ಜಿಂಕೆಗಳೂ ಬಹುತೇಕ ಮುಗಿದಿದ್ದವು. 1895ರಲ್ಲಿ ರಾಜ್ಯ ಗೇಮ್ ಕಮಿಷನ್ ಸ್ಥಾಪಿಸಿತು. 1906ರಿಂದ ಬೇರೆ ರಾಜ್ಯಗಳಿಂದ ಜಿಂಕೆಗಳನ್ನು ತರಿಸಿ ಬಿಟ್ಟರು, 1907ರಲ್ಲಿ ಹೆಣ್ಣು ಜಿಂಕೆಗಳ ಬೇಟೆಗೆ ತಡೆ ಹಾಕಿದರು. ಕಾಡು ಮತ್ತೆ ಬೆಳೆಯಿತು, ಬಿಳಿಬಾಲದ ಜಿಂಕೆಗಳು ತುಂಬಿಕೊಂಡವು. ತೋಳ ಮತ್ತು ಪ್ಯೂಮಾಗಳು ಮಾತ್ರ ಮರಳಿ ಬರಲಿಲ್ಲ. ಈಗ ಜಿಂಕೆಗಳು ಹೆಚ್ಚಾದರೆ ಓಕ್ ಸಸಿಗಳನ್ನೆಲ್ಲ ಮೇಯ್ದು ಕಾಡು ಮೇಲೇಳದಂತೆ ಮಾಡುತ್ತವೆ, ರಾತ್ರಿ ರಸ್ತೆಗಳಲ್ಲಿ ಕಾರಿಗೆ ಬಡಿದು ಸಾಯುತ್ತವೆ. ತೋಳ ಮಾಡುತ್ತಿದ್ದ ಕೆಲಸವನ್ನು ಈಗ ಕಿತ್ತಳೆ ಜಾಕೆಟ್ಟಿನವರು ಮಾಡುತ್ತಾರೆ ಎಂಬುದು ಅಲ್ಲಿಯವರ ವಾದ.

ನಾನು ಸಸ್ಯಾಹಾರಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿದ್ದು ಬಿಟ್ಟರೆ ಬೇಟೆಗೂ ನನಗೂ ಸಂಬಂಧವಿಲ್ಲ. ಶಾಲೆಗಳಲ್ಲಿ ಗುಂಡು ಹಾರುವ ದೇಶದಲ್ಲಿ ಕೋವಿಯ ಮಾತೆತ್ತಿದರೇ ಮೈ ಜುಮ್ಮೆನ್ನುತ್ತದೆ. ಆದರೂ ತಂಗಿಯ ಪಕ್ಕದ ಮನೆಯವರು ಮಗಳಿಗೆ ಕೋವಿ ಕೊಳ್ಳಲು ಹೊರಟಾಗ ನಾನೂ ಜೊತೆಗೆ ಹೊರಟೆ. ಕಾರಣ, ಆ ಹುಡುಗಿ ಎಡಚಿ. ನಾನೂ ಎಡಚಿ.

ನಮ್ಮಲ್ಲಿ ಎಡಗೈ ಮಕ್ಕಳ ಪಾಡು ನಿಮಗೆ ಗೊತ್ತು. ಪ್ರಸಾದಕ್ಕೆ ಎಡಗೈ ಚಾಚಿದರೆ ಗದರಿಕೆ. ಬಳಪವನ್ನು ಬಲಗೈಗೆ ಬದಲಾಯಿಸಿದ ಮೇಷ್ಟ್ರು. ಕಾಲೇಜಿನಲ್ಲಿ ಬಲಗಡೆ ಮಾತ್ರ ಹಲಗೆಯಿರುವ ಕುರ್ಚಿ. ಕತ್ತರಿಯಿಂದ ಹಿಡಿದು ಕ್ಯಾನ್ ಓಪನರ್‌ವರೆಗೆ ಎಲ್ಲವೂ ಬೇರೆಯವರ ಕೈಗೆಂದು ಮಾಡಿದ್ದು. ಕೋವಿಯೂ ಹಾಗೆಯೇ ಎಂಬುದು ನನಗೆ ಅಲ್ಲಿ ತಿಳಿಯಿತು.

ಹುಡುಗಿಗೆ ಆಗಷ್ಟೇ ಹನ್ನೆರಡು ತುಂಬಿತ್ತು. ಸ್ವಂತ ಹೆಸರಿನ ಜೂನಿಯರ್ ಲೈಸೆನ್ಸ್ ಪಡೆಯಲು ಪೆನ್ಸಿಲ್ವೇನಿಯಾದಲ್ಲಿ ಅದೇ ವಯಸ್ಸು. ಅದಕ್ಕೆ ಮೊದಲು ಸುರಕ್ಷತೆಯ ತರಗತಿ ಮುಗಿಸಿ ಪರೀಕ್ಷೆ ಪಾಸಾಗಬೇಕು, ಅವಳು ಆಗಿದ್ದಳು. ಎತ್ತರ ನಾಲ್ಕು ಅಡಿ ಏಳು ಇಂಚು, ಕೈಗಳು ಕೊತ್ತಂಬರಿ ಕಡ್ಡಿಯ ಹಾಗೆ. ಹಿಂದಿನ ವರ್ಷ ತೀರಿಕೊಂಡ ಅಜ್ಜನ ಥರ್ಟಿ-ಆಟ್-ಸಿಕ್ಸ್ ರೈಫಲ್ ಮನೆಯಲ್ಲಿತ್ತು. ಅದನ್ನೇ ಹಿಡಿದು ಮೊದಲ ಬೇಟೆಗೆ ಹೋಗಬೇಕೆಂದು ಅವಳ ಆಸೆ, ಅಪ್ಪನಿಗೂ ಅದೇ. ಅದನ್ನು ಸ್ವಲ್ಪ ಸರಿಪಡಿಸಿಕೊಡಬಹುದೇ ಎಂದು ಕೇಳಲು ಅಂಗಡಿಗೆ ಒಯ್ದಿದ್ದರು.

ಅಂಗಡಿಯ ಮುದುಕ ಕೋವಿಯನ್ನು ಪಕ್ಕಕ್ಕಿಟ್ಟು ಮೊದಲು ಹುಡುಗಿಯ ಕಣ್ಣು ಪರೀಕ್ಷಿಸಿದ. ಎರಡೂ ಕೈ ಮುಂದೆ ಚಾಚಿ, ಬೆರಳುಗಳಿಂದ ಸಣ್ಣ ತ್ರಿಕೋನ ಮಾಡಿ, ಅದರೊಳಗಿಂದ ದೂರದ ಗಡಿಯಾರವನ್ನು ನೋಡಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ತ್ರಿಕೋನದೊಳಗೇ ಉಳಿಯುತ್ತದೋ ಅದು ಗುರಿಯ ಕಣ್ಣು. ಕೈ ಎಡವಾಗಿದ್ದು ಕಣ್ಣು ಬಲವಾಗಿದ್ದರೆ ಬಲಭುಜದಿಂದ ಹೊಡೆಯಲು ಕಲಿಯುವುದೇ ಎಷ್ಟೋ ಸಲ ಸುಲಭವಂತೆ. ಇವಳ ಕಣ್ಣೂ ಎಡವೇ. ‘ಹಾಗಾದರೆ ಎಡ’ ಎಂದ ಮುದುಕ, ಮದುವೆಗೆ ಮುಹೂರ್ತ ಇಟ್ಟಂತೆ.

ಬೋಲ್ಟ್ ರೈಫಲ್ಲಿನಲ್ಲಿ ಪ್ರತಿ ಗುಂಡಿನ ನಂತರ ಒಂದು ಹಿಡಿಯನ್ನು ಎತ್ತಿ ಹಿಂದಕ್ಕೆಳೆದು ಮುಂದಕ್ಕೆ ದೂಡಬೇಕು. ಆ ಹಿಡಿ ಇರುವುದು ಬಲಗಡೆ. ಬಲಗೈಯವರು ಕೋವಿ ಭುಜದ ಮೇಲಿದ್ದಂತೆಯೇ ಈ ಕೆಲಸ ಮುಗಿಸುತ್ತಾರೆ. ಎಡಚರು ಕೈಯನ್ನು ಕೋವಿಯ ಮೇಲಿನಿಂದ ಆಚೆಗೆ ಚಾಚಬೇಕು, ತಲೆ ಅಲುಗುತ್ತದೆ, ಗುರಿ ಬಿಟ್ಟುಹೋಗುತ್ತದೆ. ಖಾಲಿ ತೋಟೆ ಹೊರಬೀಳುವ ಕಿಂಡಿಯೂ ಬಲಗಡೆಯೇ, ಅಂದರೆ ಎಡಚರ ಮುಖದ ಕಡೆ. ತೋಟೆ ಅಪ್ಪಿತಪ್ಪಿ ಸೀಳಿದರೆ ಬಿಸಿ ಗಾಳಿ ಬರುವುದೂ ಆ ಕಡೆಗೇ.

ಅಜ್ಜನ ಕೋವಿಗೆ ಇನ್ನೂ ಒಂದು ತೊಡಕಿತ್ತು. ಕುದುರೆಯಿಂದ, ಅಂದರೆ ಬೆರಳಿಡುವ ಟ್ರಿಗರಿನಿಂದ, ಹಿಂಬದಿಯ ಮರದ ತುದಿಯವರೆಗಿನ ಅಳತೆ ದೊಡ್ಡವರ ರೈಫಲ್ಲಿನಲ್ಲಿ ಸುಮಾರು 13.5 ಇಂಚು. ಈ ಹುಡುಗಿಗೆ ಬೇಕಾದದ್ದು 12ರ ಹತ್ತಿರ. ಒಂದೂವರೆ ಇಂಚು ಏನು ಮಹಾ ಎಂದು ನಮಗನಿಸಬಹುದು. ಅವಳು ಅಜ್ಜನ ಕೋವಿ ಎತ್ತಿದಾಗ ಕಣ್ಣಾರೆ ಕಂಡೆ: ಬೆರಳು ಟ್ರಿಗರಿಗೆ ಎಟುಕಲು ಮೈಯನ್ನು ಹಿಂದಕ್ಕೆ ಬಾಗಿಸಿದಳು, ದುರ್ಬೀನಿನೊಳಗೆ ನೋಡಲು ಕತ್ತನ್ನು ಮುಂದಕ್ಕೆ ಚಾಚಿದಳು, ನಳಿಗೆಯ ತುದಿ ಬೀಸಣಿಗೆಯಂತೆ ಆಡತೊಡಗಿತು. ಹಿಂಬದಿಯ ಮರವನ್ನು ಗರಗಸದಿಂದ ಕೊಯ್ಯಬಹುದು. ಆದರೆ ಬೋಲ್ಟನ್ನು ಎಡಕ್ಕೆ ತರಲಾಗದು, ಅಜ್ಜನ ಕೋವಿಯೂ ಹಾಳು. ಅಪ್ಪ ಮಾತಾಡಲಿಲ್ಲ. ಹುಡುಗಿಯ ಕಣ್ಣು ತುಂಬಿತು.

ಮೂರನೆಯ ತೊಡಕು ಒದೆತ. ಸಾಧಾರಣ ತೂಕದ ರೈಫಲ್ಲಿನಲ್ಲಿ ಥರ್ಟಿ-ಆಟ್-ಸಿಕ್ಸ್ ಭುಜಕ್ಕೆ ಕೊಡುವ ಹೊಡೆತದ ಅರ್ಧಕ್ಕಿಂತ ಕಡಿಮೆ ಹೊಡೆತ .243 ತೋಟೆಯದು. 7ಎಂಎಂ-08 ಎಂಬುದು ಇವೆರಡರ ನಡುವಿನದು. ಸಣ್ಣ ಮೈಯವರಿಗೆ ಹಗುರ ಕೋವಿ ಕೊಡೋಣ ಎಂದು ಎಲ್ಲರೂ ಯೋಚಿಸುತ್ತಾರೆ. ಆದರೆ ಅದೇ ತೋಟೆ ಹಗುರ ಕೋವಿಯಲ್ಲಿ ಇನ್ನೂ ಜೋರಾಗಿ ಒದೆಯುತ್ತದೆ; ನಾವು ಶಾಲೆಯಲ್ಲಿ ಉರುಹೊಡೆದ ನ್ಯೂಟನ್ನನ ಮೂರನೆಯ ನಿಯಮ ಇಲ್ಲೂ ಬಿಡುವುದಿಲ್ಲ. ಒಮ್ಮೆ ಜೋರಾಗಿ ಒದೆಸಿಕೊಂಡ ಮಗು ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಕುಗ್ಗಿಸುತ್ತದೆ. ಗುಂಡು ಜಿಂಕೆಯ ಹೊಟ್ಟೆಗೋ ಕಾಲಿಗೋ ಬೀಳುತ್ತದೆ.

ಇಲ್ಲಿಗೆ ಬಂದಾಗ ಮುದುಕನ ದನಿ ಬದಲಾಯಿತು. ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶಗಳಿರುವ ಜಾಗ ಊಟದ ಕಾಗದದ ತಟ್ಟೆಯಷ್ಟು ಅಗಲ. ಅಲ್ಲಿಗೆ ಬಿದ್ದರೆ ಅದು ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ತಪ್ಪಿದರೆ ಅದು ಓಡಿ ಹೋಗಿ ಪೊದೆಯಲ್ಲಿ ಗಂಟೆಗಟ್ಟಲೆ ನರಳುತ್ತದೆ. ‘ಮೈಗೆ ಹೊಂದದ ಕೋವಿಯ ಬೆಲೆಯನ್ನು ಕೊನೆಗೆ ತೆರುವುದು ಜಿಂಕೆ’ ಎಂದ. ಅದುವರೆಗೆ ಇದನ್ನು ಎಡಗೈಯವರ ಅನುಕೂಲದ ಪ್ರಶ್ನೆಯೆಂದೇ ನೋಡುತ್ತಿದ್ದ ನನಗೆ ಆ ಮಾತು ನಾಟಿತು.

ಹಾಗಾದರೆ ದಾರಿ? ಮುದುಕ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟ. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಮೊದಲನೆಯದು ಮಧ್ಯಕ್ಕೆ ಮುರಿಯುವ ಒಂಟಿ ತೋಟೆಯ ಕೋವಿ, ನಮ್ಮ ಮಲೆನಾಡಿನ ಮನೆಗಳ ಒಂಟಿ ನಳಿಗೆಯ ಹಾಗೆ. ಅದಕ್ಕೆ ಎಡ ಬಲದ ಭೇದವಿಲ್ಲ, ಗಿಡ್ಡವಾಗಿಯೂ ಇರುತ್ತದೆ. ಆದರೆ ಎರಡನೆಯ ಗುಂಡು ಬೇಕಾದರೆ ಹೊತ್ತು ಹಿಡಿಯುತ್ತದೆ. ಎರಡನೆಯದು ಕೌಬಾಯ್ ಸಿನಿಮಾಗಳ ಲಿವರ್ ರೈಫಲ್. ಬೆರಳುಗಳ ಕೆಳಗಿನ ಬಳೆಯನ್ನು ಯಾವ ಕೈಯಿಂದಲಾದರೂ ಎಳೆಯಬಹುದು, ಆದರೆ ಬಾಹ್ಯ ಕುದುರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸಲು ಪುಟ್ಟ ಕೈಗೆ ಬಲ ಸಾಲದು. ಮೂರನೆಯದು ಮುಂಗೈಯಿಂದ ಹಿಂದೆ ಮುಂದೆ ಜಗ್ಗುವ ಪಂಪ್ ರೈಫಲ್. ಪೆನ್ಸಿಲ್ವೇನಿಯಾದವರಿಗೆ ಅದರ ಮೇಲೆ ವಿಶೇಷ ಪ್ರೀತಿ, ಎಡಚರಿಗೂ ಒಗ್ಗುತ್ತದೆ, ಆದರೆ ಅವಳಿಗೆ ಉದ್ದ, ಭಾರ.

ಕೊನೆಯದು ನಿಜವಾದ ಎಡಗೈ ಬೋಲ್ಟ್. ಸ್ಯಾವೇಜ್ ಕಂಪನಿ 1959ರಲ್ಲೇ ಇಂಥದನ್ನು ಕಾರ್ಖಾನೆಯಲ್ಲಿ ಮಾಡಿ ಮಾರಲು ಶುರುಮಾಡಿತ್ತು. ಈಗ ಇನ್ನೂ ಹಲವು ಕಂಪನಿಗಳು ಮಾಡುತ್ತವೆ. ಆದರೆ ಕಪಾಟಿನಲ್ಲಿದ್ದ ಎಡಗೈ ಕೋವಿಗಳೆಲ್ಲ ದೊಡ್ಡವರ ಅಳತೆಯವು. ಚಿಕ್ಕ ಅಳತೆಯವೆಲ್ಲ ಬಲಗೈಯವು. ಎಡಚರಿಗೆ ಇದೆ, ಚಿಕ್ಕವರಿಗೆ ಇದೆ. ಚಿಕ್ಕವರಾದ ಎಡಚರಿಗೆ ಮಾತ್ರ ಇಲ್ಲ. ನನಗೆ ನಗು ಬಂತು. ಮುಂಬೈಯಲ್ಲಿ ಕನ್ನಡ ಶಾಲೆ ಹುಡುಕಿದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಶಾಲೆ ಇರುವ ಕಡೆ ಮನೆಯಿಲ್ಲ, ಮನೆಯಿರುವ ಕಡೆ ಶಾಲೆಯಿಲ್ಲ.

ಮುದುಕ ಕ್ಯಾಟಲಾಗಿನಲ್ಲಿ ಹುಡುಕಿ ಫೋನ್ ಮಾಡಿ ಒಂದನ್ನು ಪತ್ತೆಹಚ್ಚಿದ. ಎಡಗೈ ಬೋಲ್ಟ್, ಗಿಡ್ಡ ಮರ, 7ಎಂಎಂ-08. ಅವಳು ಬೆಳೆದಂತೆ ಹಿಂಬದಿಗೆ ತುಂಡುಗಳನ್ನು ಸೇರಿಸಿ ಉದ್ದಮಾಡಬಹುದು. ಮೊದಲ ವರ್ಷ ಒದೆತ ಕಡಿಮೆಯಿರುವ ತೋಟೆ ಬಳಸಬೇಕು. .243 ಇನ್ನೂ ಮೆದುವಾದರೂ ಅದರ ಗುಂಡು ಹಗುರ, ಕೋನ ಸ್ವಲ್ಪ ತಪ್ಪಿದರೂ ಕ್ಷಮಿಸುವುದು ಕಡಿಮೆ ಎಂದು ಅವನ ಅಭಿಪ್ರಾಯ. ಒಂದು ವಾರದ ನಂತರ ಕೋವಿ ಬಂತು. ಅಪ್ಪ ಫಾರಂ ತುಂಬಿದ, ಹಿನ್ನೆಲೆಯ ತಪಾಸಣೆ ಆಯಿತು.

ಅಭ್ಯಾಸಕ್ಕೆ ಹೋದದ್ದು ಸ್ಕೋಷಿಯಾ ಎಂಬಲ್ಲಿಗೆ. 1880ರ ದಶಕದಲ್ಲಿ ಆಂಡ್ರ್ಯೂ ಕಾರ್ನೆಗಿ ಕಬ್ಬಿಣದ ಅದಿರು ತೆಗೆಸಿದ ಜಾಗ. ಈಗ ಕುರುಚಲು ಕಾಡು ಬೆಳೆದು ಗೇಮ್ ಕಮಿಷನ್ನಿನ ಗುರಿ ಮೈದಾನವಿದೆ. ನೂರು ಗಜ ದೂರದಲ್ಲಿ ನಿಜಕ್ಕೂ ಒಂದು ಕಾಗದದ ತಟ್ಟೆ ಅಂಟಿಸಿದ್ದರು. ಮೊದಲ ಗುಂಡಿಗೆ ನಾನೇ ಬೆಚ್ಚಿಬಿದ್ದೆ, ಅವಳು ಬೆಚ್ಚಲಿಲ್ಲ. ಬೋಲ್ಟನ್ನು ಎಡಗೈಯಿಂದ ಸರಾಗವಾಗಿ ಎಳೆದು ಮತ್ತೆ ಗುರಿಯಿಟ್ಟಳು. ಐದರಲ್ಲಿ ನಾಲ್ಕು ತಟ್ಟೆಯೊಳಗೆ. ಅಪ್ಪ ಮನೆಗೆ ಹೋಗಿ ಅಜ್ಜನ ಕೋವಿಯ ಚರ್ಮದ ಪಟ್ಟಿಯನ್ನು ಬಿಚ್ಚಿ ಹೊಸದಕ್ಕೆ ಕಟ್ಟಿದ.

ಮುಂಬೈಗೆ ಮರಳಿದ ಮೇಲೆ ಕೊಡಗಿನ ಗೆಳತಿಗೆ ಇದನ್ನೆಲ್ಲ ಹೇಳಿದೆ. ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಪಡೆದ ಜನ ಅವರು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವವರು. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ನಿಂತು, ಈಗ ಹಬ್ಬದ ಗುರಿ ತೆಂಗಿನಕಾಯಿ. ಅವಳು ಕೇಳಿದ ಮೊದಲ ಪ್ರಶ್ನೆ, ‘ಆ ಹುಡುಗಿ ಹೊಡೆದಳಾ?’

ಮೊದಲ ಶನಿವಾರ ಹೊಡೆಯಲಿಲ್ಲ. ಸೂರ್ಯೋದಯಕ್ಕೆ ಮುನ್ನವೇ ಅಪ್ಪನ ಪಕ್ಕ ಹೋಗಿ ಕೂತವಳಿಗೆ ಜಿಂಕೆ ಕಂಡಿತ್ತು, ಆದರೆ ಎದೆ ಮರದ ಮರೆಯಲ್ಲಿತ್ತು. ಬಿಟ್ಟು ಬಂದಳು. ಅದನ್ನು ಹೇಳುವಾಗ ಅವಳ ಮುಖದಲ್ಲಿ ಸೋತ ಕಳೆ ಇರಲಿಲ್ಲ. ಎರಡನೆಯ ವಾರ ಒಂದು ಹೆಣ್ಣು ಜಿಂಕೆ, ಒಂದೇ ಗುಂಡು. ಅರ್ಧ ಮಾಂಸ ಮನೆಗೆ, ಅರ್ಧ ‘ಹಂಟರ್ಸ್ ಶೇರಿಂಗ್ ದ ಹಾರ್ವೆಸ್ಟ್’ ಮೂಲಕ ಬಡವರ ಊಟಕ್ಕೆ. 1991ರಿಂದ ಹಾಗೆ ಹಂಚುವ ಪದ್ಧತಿ ಅಲ್ಲಿದೆ. ಆ ರಾತ್ರಿ ಅವಳು ಅತ್ತಳೆಂದು ಅವಳ ತಾಯಿ ತಂಗಿಗೆ ಹೇಳಿದರಂತೆ. ‘ಅಳಲಿ, ಅಳದಿದ್ದರೆ ಮುಂದಿನ ವರ್ಷ ಕಳಿಸುವುದಿಲ್ಲ’ ಎಂದರಂತೆ.

ನಾನು ಇಂದಿಗೂ ಬೇಟೆಯನ್ನು ಒಪ್ಪಿಲ್ಲ. ಆದರೆ ತಂಗಿ ಕಳಿಸಿದ ಫೋಟೋ ನನ್ನ ಫೋನಿನಲ್ಲಿದೆ. ಹುಡುಗಿಯ ತಲೆಗಿಂತ ದೊಡ್ಡ ಕಿತ್ತಳೆ ಟೋಪಿ, ಹೆಗಲಿಗೆ ಅಜ್ಜನ ಪಟ್ಟಿ, ಎಡಭುಜಕ್ಕೆ ಒರಗಿದ, ಅವಳ ಅಳತೆಯ ಕೋವಿ.