ಬೇಸಿಗೆಯ ಮಿಶನರಿಗಳು

ಜೂನ್ ತಿಂಗಳ ಯಾವ ಶನಿವಾರ ಬೇಕಾದರೂ ಹ್ಯೂಸ್ಟನ್ ವಿಮಾನ ನಿಲ್ದಾಣಕ್ಕೆ ಹೋಗಿ ನೋಡಿ. ಮಧ್ಯ ಅಮೆರಿಕದ ಕಡೆ ಹಾರುವ ವಿಮಾನಗಳ ಗೇಟುಗಳ ಮುಂದೆ ಗುಂಪುಗುಂಪಾಗಿ ಜನ ಕೂತಿರುತ್ತಾರೆ. ಒಂದೊಂದು ಗುಂಪಿಗೆ ಒಂದೊಂದು ಬಣ್ಣದ ಟೀಶರ್ಟು. ಎದೆಯ ಮೇಲೆ ಸಭೆಯ ಹೆಸರು, ಬೆನ್ನ ಮೇಲೆ ಸತ್ಯವೇದದ ವಚನ. ಹಸಿರಿನವರು ಗ್ವಾಟೆಮಾಲಾಕ್ಕೆ, ಕಿತ್ತಳೆಯವರು ನಿಕರಾಗುವಾಕ್ಕೆ. ಹೈಸ್ಕೂಲಿನ ಹುಡುಗ ಹುಡುಗಿಯರೇ ಹೆಚ್ಚು. ಅವರ ನಡುವೆ ಪಾಸ್‌ಪೋರ್ಟುಗಳ ಕಟ್ಟು ಹಿಡಿದುಕೊಂಡು ಪದೇ ಪದೇ ತಲೆ ಎಣಿಸುತ್ತಿರುವ ಯೂತ್ ಪಾಸ್ಟರು. ವಾರವೋ ಹತ್ತು ದಿನವೋ ಸೇವೆ ಮಾಡಿ, ಕೊನೆಯ ದಿನ ಕಡಲತೀರ ನೋಡಿ, ಬಿಸಿಲಿಗೆ ಕೆಂಪಾಗಿ ಮರಳುತ್ತಾರೆ. ಹೀಗೆ ಅಮೆರಿಕದ ಸಭೆಗಳಿಂದ ವರ್ಷಕ್ಕೆ ಹೊರದೇಶಕ್ಕೆ ಹೋಗಿಬರುವವರು 15 ಲಕ್ಷಕ್ಕೂ ಮೇಲೆ ಎಂದು ಸಮಾಜಶಾಸ್ತ್ರಜ್ಞರ ಅಂದಾಜು.

ನಮ್ಮದು ನೀಲಿ ಗುಂಪು. ಹೋಂಡುರಾಸ್‌ನ ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ವೈದ್ಯಕೀಯ ಶಿಬಿರ. ನಿವೃತ್ತ ನರ್ಸ್ ಒಬ್ಬಳು ಸಭೆಯಲ್ಲಿ ಸುಮ್ಮನೆ ಕೂತಿದ್ದಾಳೆಂದರೆ ಪಾಸ್ಟರು ಬಿಟ್ಟಾರೆಯೇ? ಅಲ್ಲದೆ ನನಗೆ ವಾರ್ಡಿನ ಸ್ಪ್ಯಾನಿಷ್ ಬರುತ್ತದೆ. ಎಲ್ಲಿ ನೋವು, ಯಾವಾಗಿನಿಂದ, ಉಸಿರು ಎಳೆದುಕೊಳ್ಳಿ, ಅಷ್ಟೇ. ಅದನ್ನು ಕಲಿಸಿದ್ದು ನಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವ, ಹಾಸಿಗೆ ಬದಲಿಸುವ ಹೋಂಡುರಾಸಿನ ಹೆಂಗಸರು. 1998ರ ಅಕ್ಟೋಬರ್ ಕೊನೆಗೆ ಮಿಚ್ ಚಂಡಮಾರುತ ಅವರ ದೇಶವನ್ನು ಕೊಚ್ಚಿಕೊಂಡು ಹೋದ ಮೇಲೆ, ಆಗಲೇ ಅಮೆರಿಕದಲ್ಲಿದ್ದವರಿಗೆ 1999ರಲ್ಲಿ ತಾತ್ಕಾಲಿಕವಾಗಿ ಉಳಿಯುವ ಅನುಮತಿ ಸಿಕ್ಕಿತು. ಆ ತಾತ್ಕಾಲಿಕದಲ್ಲೇ ಅವರು ಮಕ್ಕಳನ್ನು ಕಾಲೇಜು ಓದಿಸಿದರು. ನಾನು ಹೊರಟ ಸುದ್ದಿ ಕೇಳಿ ಅವರಲ್ಲೊಬ್ಬಳು ನಕ್ಕುಬಿಟ್ಟಳು: "ನಾವು ನಿಮ್ಮಲ್ಲಿ ನೆಲ ಒರೆಸಲಿಕ್ಕೆ ಬಂದೆವು, ನೀವು ನಮ್ಮಲ್ಲಿ ಗೋಡೆ ಬಳಿಯಲಿಕ್ಕೆ ಹೋಗುತ್ತೀರಿ!"

ನಾನು ಹುಟ್ಟಿದ್ದು ಮಂಗಳೂರಿನ ಬಾಸೆಲ್ ಮಿಶನ್ ಕ್ರೈಸ್ತರ ಮನೆಯಲ್ಲಿ. ಮುತ್ತಜ್ಜ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದಮಾಡುತ್ತಿದ್ದವರು. ನಮ್ಮ ಮನೆಯಲ್ಲಿ ಮಿಶನರಿ ಎಂದರೆ ಹಿಂದಿರುಗುವ ಟಿಕೆಟ್ ಇಲ್ಲದೆ ಬಂದವನು. 1834ರಲ್ಲಿ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಹಿಂದೆಯೇ ಬಂದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಕಿಟ್ಟೆಲ್ ಹಡಗು ಇಳಿದದ್ದು 1853ರಲ್ಲಿ, ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ ಕೆಲವು ವರ್ಷ ಊರಿಗೆ ಹೋಗಿ ಬಂದದ್ದನ್ನು ಕಳೆದರೂ ಅದೇನು ಸಣ್ಣ ಪ್ರವಾಸವಲ್ಲ. ನಮ್ಮ ಗುಂಪಿನ ಹುಡುಗರು ವಿಮಾನ ಮೇಲೇರಿದ ಮೇಲೆ ಸ್ಪ್ಯಾನಿಷ್ ಪುಟ ತೆರೆದರು, ಇಳಿಯುವ ಹೊತ್ತಿಗೆ ಮುಚ್ಚಿದರು. ಹಾಗೆಂದು ಹಳಬರನ್ನು ನಾನು ಪೂಜಿಸುವುದಿಲ್ಲ. ಯಾರು ಯಾರನ್ನು ಮದುವೆಯಾಗಬೇಕು ಎಂಬುದಕ್ಕೂ ದೊರೆಗಳ, ಅಂದರೆ ಮಿಶನರಿಗಳ, ಒಪ್ಪಿಗೆ ಬೇಕಿದ್ದ ಕಾಲದ ಕತೆಗಳನ್ನು ಅಜ್ಜಿ ಹೇಳುತ್ತಿದ್ದರು. ಬಹಳ ವರ್ಷ ಇದ್ದವರು ಬಹಳ ತೊಂದರೆಯನ್ನೂ ಕೊಡಬಲ್ಲರು.

2021ರ ಕೊನೆಯವರೆಗೆ ಅಮೆರಿಕದ ವಿಮಾನಗಳು ಇಳಿಯುತ್ತಿದ್ದ ತೆಗುಸಿಗಾಲ್ಪಾದ ತೊಂಕೊಂತೀನ್ ನಿಲ್ದಾಣದಲ್ಲಿ ಇಳಿಯುವುದು ಪ್ರಾರ್ಥನೆಗೆ ಒಳ್ಳೆಯ ಅಭ್ಯಾಸವಾಗಿತ್ತು. ಗುಡ್ಡಗಳ ನಡುವೆ ವಿಮಾನ ಒಂದು ಮಗ್ಗುಲಿಗೆ ವಾಲಿ, ಮನೆಗಳ ತಗಡಿನ ಮಾಡು ಕಿಟಕಿಗೆ ತಾಗುವಷ್ಟು ಹತ್ತಿರ ಬಂದು, ಗಿಡ್ಡ ರನ್‌ವೇ ಮೇಲೆ ಧೊಪ್ಪೆಂದು ಕೂರುತ್ತಿತ್ತು. ಹೊರಗೆ ನಮಗಾಗಿ ನಿಂತಿದ್ದದ್ದು ಅಮೆರಿಕದ ಹಳೆಯ ಹಳದಿ ಸ್ಕೂಲ್ ಬಸ್ಸು. ಪಕ್ಕದಲ್ಲಿ ಅಲ್ಲಿನ ಯಾವುದೋ ಶಾಲೆಯ ಹೆಸರು ಅಳಿಸದೆ ಹಾಗೇ ಇತ್ತು. ಪೈನ್ ಕಾಡು, ಕೆಂಪು ಮಣ್ಣಿನ ತಿರುವು, ಮಾರ್ಕಾಲಾದ ಆಚೆ ಕಾಫಿ ತೋಟ. ಲೆಂಕಾ ಜನರ ಸೀಮೆ ಅದು. 2012ರ ಸುಮಾರಿಗೆ ಎಲೆಯ ತುಕ್ಕು ರೋಗ ಬಂದು ತೋಟಗಳು ಬೋಳಾದದ್ದನ್ನು ಡ್ರೈವರ್ ಹೇಳುತ್ತಿದ್ದಾಗ, ಈ ಮಾತನ್ನು ಚಿಕ್ಕಮಗಳೂರಿನಲ್ಲಿ ಯಾರ ಬಾಯಲ್ಲೋ ಕೇಳಿದ್ದೇನಲ್ಲ ಅನಿಸಿತು.

ನನ್ನನ್ನು ಇಳಿಸಿದ್ದು ಸಭೆಯ ಹಿರಿಯ ಹೆಂಗಸೊಬ್ಬಳ ಮನೆಯಲ್ಲಿ. ಅಲ್ಲಿ ಸಭೆಯ ಹೆಂಗಸರು ಒಬ್ಬರನ್ನೊಬ್ಬರು ಎರ್ಮಾನಾ, ಅಕ್ಕ, ಎಂದೇ ಕರೆಯುವುದು. ಬಾಗಿಲಲ್ಲೇ ನಾನೂ ಎರ್ಮಾನಾ ಆದೆ. ಮನೆಯಲ್ಲಿ ಮಂಚಗಳು ಎರಡು. ಒಂದರಲ್ಲಿ ನಾನು, ಇನ್ನೊಂದರಲ್ಲಿ ನಮ್ಮ ತಂಡದ ಹುಡುಗಿ. ಮನೆಯವರೆಲ್ಲ ಎಲ್ಲಿ ಮಲಗಿದರು ಎಂದು ಕೇಳಿದರೆ ಉತ್ತರ ಹಾರಿಸಿಬಿಟ್ಟಳು. ಮೊಮ್ಮಕ್ಕಳು ನೆರೆಮನೆಯಲ್ಲಿ, ಆಕೆ ಅಡುಗೆಮನೆಯ ಬೆಂಚಿನ ಮೇಲೆ ಎಂದು ಮರುದಿನ ಬೇರೆಯವರಿಂದ ತಿಳಿಯಿತು. ನಾಲ್ಕು ಗಂಟೆಗೇ ಎದ್ದು, ಸುಣ್ಣದ ನೀರಿನಲ್ಲಿ ಬೇಯಿಸಿಟ್ಟ ಮೆಕ್ಕೆಜೋಳವನ್ನು ತೊಳೆದು, ಕೈಗಿರಣಿಯಲ್ಲಿ ಅರೆದು, ಅಂಗೈಯಲ್ಲಿ ತಟ್ಟಿ ಟೊರ್ಟಿಯಾ ಬೇಯಿಸುತ್ತಿದ್ದಳು. ಮಣ್ಣಿನ ಒಲೆ, ಸೌದೆ, ಮಾಡಿನ ತುಂಬ ಹೊಗೆ. ಕುಡಿಯುವ ನೀರನ್ನು ನಮಗಾಗಿ ಬೇರೆ ಕುದಿಸಿ ಆರಿಸಿ ಇಡಬೇಕು. ಅದಕ್ಕೆ ಇನ್ನಷ್ಟು ಸೌದೆ. ಶಿಬಿರದ ಮೊದಲ ದಿನ ಮಧ್ಯಾಹ್ನ ತಟ್ಟೆಯಲ್ಲಿ ಕೋಳಿ ಬಂತು. ಅಂಗಳದಲ್ಲಿ ಬೆಳಿಗ್ಗೆ ಇದ್ದ ಕೋಳಿಗಳಲ್ಲಿ ಒಂದು ಕಡಿಮೆಯಾಗಿತ್ತು. ಮರುದಿನವೂ ಕೋಳಿ. ಅಂಗಳದ ಲೆಕ್ಕವನ್ನು ನಾನು ಮನಸ್ಸಿನಲ್ಲೇ ಹಾಕುತ್ತಿದ್ದೆ. ನೆಂಟರು ಬಂದಾಗ ಅಮ್ಮ ಕೋಳಿಗೂಡಿನ ಕಡೆ ನೋಡುತ್ತಿದ್ದ ನೋಟವನ್ನು ಕಂಡು ಬೆಳೆದವಳು ನಾನು. ನಮ್ಮ ತಂಡದ ಹುಡುಗಿ ತನಗೆ ಮಾಂಸ ಬೇಡ ಎಂದಾಗ ಮನೆಯಾಕೆಯ ಮುಖ ಸಪ್ಪಗಾಯಿತು. ಆ ಹುಡುಗಿಯನ್ನು ಪಕ್ಕಕ್ಕೆ ಕರೆದು ಹೇಳಿದೆ: ಮಗಾ, ಈ ವಾರ ನಿನ್ನ ಸೇವೆ ಇದೇ, ತಿನ್ನು.

ನಾವು ಬಂದದ್ದು ಕೊಡಲಿಕ್ಕೆ ಎಂದು ಹ್ಯೂಸ್ಟನ್‌ನಲ್ಲಿ ಕಾರು ತೊಳೆದು, ಕೇಕು ಮಾರಿ ದುಡ್ಡು ಎತ್ತಿದ ಮಕ್ಕಳಿಗೆ, ಇಲ್ಲಿ ದಿನವಿಡೀ ಕೊಡುತ್ತಿರುವವರು ಅಡುಗೆಮನೆಯಲ್ಲಿದ್ದಾರೆ ಎಂಬುದು ಕಾಣಿಸಲಿಲ್ಲ. ಅವರ ತಪ್ಪಲ್ಲ, ಉಪಚಾರ ಬಲ್ಲ ಮನೆಯವರು ಅದನ್ನು ಕಾಣದ ಹಾಗೇ ಮಾಡುತ್ತಾರೆ.

ಶಿಬಿರ ನಡೆದದ್ದು ದೇವಾಲಯದೊಳಗೆ. ಬೆಳಕು ಹರಿಯುವ ಮೊದಲೇ ಬೆಂಚುಗಳೆಲ್ಲ ಭರ್ತಿ. ಎರಡು ಗಂಟೆ ನಡೆದು ಬಂದವರಿದ್ದರು. ಬೆನ್ನುನೋವು, ತಲೆನೋವು, ಕಣ್ಣುರಿ, ಬಿಡದ ಕೆಮ್ಮು. ಕಣ್ಣುರಿ ಮತ್ತು ಕೆಮ್ಮಿಗೆ ಕಾರಣ ಒಲೆಯ ಹೊಗೆ ಎಂದು ಹೇಳಲು ವೈದ್ಯರೇ ಬೇಕಿರಲಿಲ್ಲ. ಹೊಟ್ಟೆಹುಳುವಿಗೆ ಎಲ್ಲರಿಗೂ ಆಲ್ಬೆಂಡಜೋಲ್, 400 ಮಿಲಿಗ್ರಾಮಿನ ಒಂದೇ ಮಾತ್ರೆ. ಹುಳು ಸಾಯುತ್ತದೆ, ಸರಿ. ಅದೇ ಮಣ್ಣು ನೆಲ, ಅದೇ ನೀರು, ಮತ್ತೆ ಬರುತ್ತದೆ. ಬಿಪಿ ನೋಡುವುದು ನನ್ನ ಪಾಲು. 180, 170, 190. ಮಾತ್ರೆಯ ಪೊಟ್ಟಣದಲ್ಲಿ ಒಂದು ತಿಂಗಳಿಗೆ ಆಗುವಷ್ಟು ಆಮ್ಲೋಡಿಪಿನ್. ರಕ್ತದೊತ್ತಡ ಒಂದು ತಿಂಗಳ ಕಾಯಿಲೆಯಲ್ಲ ಎಂಬುದು ನರ್ಸಿಂಗ್ ಓದುವ ಮೊದಲ ವರ್ಷದ ಹುಡುಗಿಗೂ ಗೊತ್ತು.

ಆ ಹೊತ್ತಿಗೆ ನನ್ನ ಮೇಜಿನ ಪಕ್ಕ ಒಬ್ಬಳು ಕುರ್ಚಿ ಎಳೆದುಕೊಂಡು ಕೂತಳು. ಹಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರದ ಸಹಾಯಕ ನರ್ಸ್. ಕೈಯಲ್ಲಿ ಮೂಲೆ ಮಡಿಚಿದ ದೊಡ್ಡ ರಿಜಿಸ್ಟರು. ನಾನು ಓದಿದ ಪ್ರತಿಯೊಂದು ಬಿಪಿಯನ್ನೂ ಹೆಸರಿನ ಮುಂದೆ ಬರೆದುಕೊಂಡಳು. ಇವರು ನನ್ನಲ್ಲಿ ಮೊದಲಿಂದಲೂ ಮಾತ್ರೆ ತಗೊಳ್ಳುತ್ತಾರೆ, ನೀವು ಬೇರೆ ಮಾತ್ರೆ ಕೊಟ್ಟರೆ ಎರಡನ್ನೂ ನುಂಗುತ್ತಾರೆ ಎಂದು ಮೃದುವಾಗಿ, ಆದರೆ ಸ್ಪಷ್ಟವಾಗಿ ತಡೆದಳು. ಮಧ್ಯಾಹ್ನದ ಮೇಲೆ ನಮ್ಮ ಸಾಲು ಅವಳ ರಿಜಿಸ್ಟರಿನ ಪ್ರಕಾರ ನಡೆಯಿತು. ನಮ್ಮ ವೈದ್ಯರಿಗೆ ಸ್ವಲ್ಪ ಇರುಸುಮುರುಸಾಯಿತು. ನನಗೆ ಎಷ್ಟೋ ವರ್ಷಗಳ ಮೇಲೆ ಒಬ್ಬ ಸರಿಯಾದ ಹೆಡ್ ನರ್ಸ್ ಕೈಕೆಳಗೆ ಕೆಲಸ ಮಾಡಿದ ಸಮಾಧಾನ. ನೀವು ಹೋದ ಮೇಲೆ ಉಳಿಯುವ ಮಾತ್ರೆಯನ್ನೆಲ್ಲ ನನಗೆ ಬಿಟ್ಟುಹೋಗಿ, ಜನರ ಕೈಗೆ ಹಂಚಬೇಡಿ ಎಂದಳು. ಅವಳ ಕಪಾಟಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದು ವಾರಗಳೇ ಆಗಿದ್ದವು.

ಒಂದು ಸಂಜೆ ಶಾಲೆಯ ಮಕ್ಕಳು ನಮಗಾಗಿ ಹಾಡಿದರು. ಎಣ್ಣೆ ಹಚ್ಚಿ ಬಾಚಿದ ತಲೆ, ಬಿಳಿ ಅಂಗಿ, ಎತ್ತರದ ಪ್ರಕಾರ ನಿಲ್ಲಿಸಿದ ಸಾಲು. ನಮ್ಮವರೆಲ್ಲ ಫೋನು ಎತ್ತಿದರು. ನಾನು ಎತ್ತಲಿಲ್ಲ, ಕಾರಣ ಆ ಸಾಲಿನಲ್ಲಿ ನಾನು ನಿಂತಿದ್ದೇನೆ. ಜರ್ಮನಿಯಿಂದಲೋ ಸ್ವಿಜರ್ಲೆಂಡಿನಿಂದಲೋ ಅತಿಥಿಗಳು ಬರುತ್ತಾರೆಂದರೆ ನಮ್ಮ ಶಾಲೆಯಲ್ಲಿ ವಾರಕ್ಕೆ ಮೊದಲೇ ತಾಲೀಮು. ಅರ್ಥ ಗೊತ್ತಿಲ್ಲದ ಜರ್ಮನ್ ಹಾಡನ್ನು ಉರು ಹೊಡೆದು, ಬಿಸಿಲಲ್ಲಿ ನಿಂತು, ನಗಬೇಕು. ಅವರು ಕೆಮರಾ ಹಿಡಿದು ಮಂಡಿಯೂರುತ್ತಿದ್ದರು. ಅವರ ಬಗ್ಗೆ ಸಿಟ್ಟೇನೂ ಇರಲಿಲ್ಲ, ಚಾಕಲೇಟು ತಂದಿರುತ್ತಿದ್ದರು. ಮುಂದಿನ ಸಾಲಿನ ಗಿಡ್ಡ ಹುಡುಗಿಯರಿಗೆ ಜಾಸ್ತಿ ಸಿಗುತ್ತಿತ್ತು ಎಂಬ ಒಂದೇ ದೂರು. ಈಗ ಬಾಸೆಲ್‌ನ ಮಿಶನ್ ದಫ್ತರದ ಹಳೆಯ ಚಿತ್ರಗಳು ಸಾವಿರಗಟ್ಟಲೆ ಇಂಟರ್‌ನೆಟ್ಟಿನಲ್ಲಿವೆ. ರಾತ್ರಿ ನಿದ್ದೆ ಬಾರದಾಗ ತೆರೆದು ನೋಡುತ್ತೇನೆ. ದೊರೆಗಳ, ದೊರೆಸಾನಿಯರ ಹೆಸರು ಹೆಚ್ಚಾಗಿ ಇರುತ್ತದೆ. ಪಕ್ಕದಲ್ಲಿ ಕೂತ ಹುಡುಗಿಯರಿಗೆ ಎಷ್ಟೋ ಕಡೆ ಹೆಸರಿಲ್ಲ. ಅವರಲ್ಲೊಬ್ಬಳು ನನ್ನ ಮುತ್ತಜ್ಜಿ ಇದ್ದರೂ ಇರಬಹುದು. ಹಾಡು ಮುಗಿದ ಮೇಲೆ ಹಿಂದಿನ ಸಾಲಿನ ಉದ್ದದ ಹುಡುಗಿಯ ಹೆಸರು ಕೇಳಿ ಬರೆದುಕೊಂಡೆ. ಮಾಡಬಹುದಾದದ್ದು ಅಷ್ಟೇ ಅನಿಸಿತು.

ನಮ್ಮ ಹುಡುಗರಿಗೆ ಕೊಟ್ಟ ಕೆಲಸ ಮಣ್ಣು ನೆಲದ ಮನೆಗಳಿಗೆ ಸಿಮೆಂಟ್ ಹಾಕುವುದು. ಊರಿನ ಮೇಸ್ತ್ರಿ ಇಬ್ಬರು ಆಳುಗಳನ್ನು ಇಟ್ಟುಕೊಂಡು ಒಂದೇ ದಿನದಲ್ಲಿ ಮುಗಿಸುವ ನೆಲ, ನಮ್ಮ ಅಷ್ಟು ಜನ ಕೈಹಾಕಿದ್ದರಿಂದ ಮೂರು ದಿನ ಹಿಡಿಯಿತು. ಮದುವೆಗೆ ಬಂದ ನೆಂಟರು ಅಡುಗೆಯವನ ಕೈಯಿಂದ ಸೌಟು ಕಸಿದುಕೊಂಡ ಹಾಗೆ. ಆತ ಬೇಸರಪಡದೆ ಬಕೆಟ್ ಸಾಗಿಸಲು ಸಾಲು ಮಾಡಿಸಿದ, ಸಂಜೆ ಒಬ್ಬನೇ ಕೂತು ನೆಲವನ್ನು ಮತ್ತೆ ಮಟ್ಟಮಾಡಿದ. ಆದರೂ ಆ ಕೆಲಸದ ಬಗ್ಗೆ ನನಗೆ ಹೊಟ್ಟೆಕಿಚ್ಚೇ ಆಯಿತು. ಮೆಕ್ಸಿಕೋದಲ್ಲಿ ಸರ್ಕಾರವೇ ಬಡವರ ಮನೆಗಳಿಗೆ ಸಿಮೆಂಟ್ ನೆಲ ಹಾಕಿಸಿದಾಗ ಮಕ್ಕಳ ಹೊಟ್ಟೆಹುಳುವೂ ಭೇದಿಯೂ ರಕ್ತಹೀನತೆಯೂ ಕಡಿಮೆಯಾದದ್ದನ್ನು ಅಳೆದು ತೋರಿಸಿದ್ದಾರೆ. ನನ್ನ ಆಲ್ಬೆಂಡಜೋಲ್ ಕೆಲವು ತಿಂಗಳಲ್ಲಿ ಸೋಲುತ್ತದೆ, ಆ ಹುಡುಗರ ಅಂಕುಡೊಂಕು ನೆಲ ಸೋಲುವುದಿಲ್ಲ.

ಇನ್ನು ದುಡ್ಡಿನ ಮಾತು. ಹೋಂಡುರಾಸ್‌ನಲ್ಲೇ ನೆಲೆಸಿರುವ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್, ಮಿಚ್ ಚಂಡಮಾರುತದ ನಂತರ ಕಟ್ಟಿದ ಮನೆಗಳನ್ನು ಹುಡುಕಿಕೊಂಡು ಹೋಗಿ 2006ರಲ್ಲಿ ಒಂದು ಲೇಖನ ಬರೆದರು. ಹೊರಗಿನ ತಂಡ ಬಂದು ಕಟ್ಟಿದ ಮನೆಗೆ, ವಿಮಾನದ ಖರ್ಚೂ ಸೇರಿ, ಸುಮಾರು 30,000 ಡಾಲರ್. ಸ್ಥಳೀಯ ಸಂಸ್ಥೆಗೆ ಒಂದು ಮನೆ ಕಟ್ಟಲು ಸುಮಾರು 2,000. ಅದಕ್ಕೂ ಬಹಳ ಮೊದಲು, 1968ರಲ್ಲಿ, ಇವಾನ್ ಇಲಿಚ್ ಎಂಬ ಪಾದ್ರಿ ಅಮೆರಿಕದ ಸ್ವಯಂಸೇವಕ ವಿದ್ಯಾರ್ಥಿಗಳ ಮುಂದೆಯೇ ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬರ್ಥದಲ್ಲಿ ಝಾಡಿಸಿದ್ದರು. ಇಲಿಚ್ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆತ ಮೇಸ್ತ್ರಿಯ ತಾಳ್ಮೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಂದವರನ್ನು ಹೇಗೆ ಬಳಸಿಕೊಳ್ಳಬೇಕು ಎಂದು ಊರಿನವರಿಗೂ ಗೊತ್ತಿರುತ್ತದೆ. ನಮ್ಮ ರಿಜಿಸ್ಟರಿನ ನರ್ಸ್ ನಮ್ಮನ್ನು ಚೆನ್ನಾಗಿಯೇ ಬಳಸಿಕೊಂಡಳು.

ಹಿಂದಿರುಗಿದ ಮೇಲೆ ಸಭೆಯ ಕಮಿಟಿಯಲ್ಲಿ ಇದನ್ನೆಲ್ಲ ಹೇಳಿದೆ. ಗಲಾಟೆಯಾಯಿತು. ನಮ್ಮ ಮಗನ ವಿಶ್ವಾಸ ಬೆಳೆದದ್ದು ಆ ಪ್ರವಾಸದಿಂದ, ಅದಕ್ಕೆ ಬೆಲೆಯಿಲ್ಲವೇ ಎಂದು ಒಬ್ಬ ತಾಯಿ ಕೇಳಿದಳು. ಬೆಲೆಯಿದೆ, ಆದರೆ ಆ ಬೆಲೆಯನ್ನು ಕೋಳಿಯ ಲೆಕ್ಕದಲ್ಲಿ ಕೊಡುತ್ತಿರುವವರು ಬೇರೆ ಎಂದೆ. ಖಜಾಂಚಿಗೆ ಮಾತ್ರ 30,000ದ ಲೆಕ್ಕ ಥಟ್ಟನೆ ಅರ್ಥವಾಯಿತು. ಕೊನೆಗೆ ಆದ ಒಪ್ಪಂದ ಇದು: ಮಾತ್ರೆಯ ಪಟ್ಟಿ ನರ್ಸ್ ಕಳಿಸುವುದು, ನೆಲದ ಕೂಲಿ ಮೇಸ್ತ್ರಿಗೆ ಹೋಗುವುದು, ಅವರು ಯಾರನ್ನು ಕೇಳುತ್ತಾರೋ ಅವರಷ್ಟೇ ಹೊರಡುವುದು. ಈ ವರ್ಷ ಅವಳು ಕೇಳಿದ್ದು ಹಲ್ಲಿನ ಡಾಕ್ಟರನ್ನು, ಆ ಬೆಟ್ಟಕ್ಕೆ ಅವರು ಯಾರೂ ಹತ್ತುವುದಿಲ್ಲವಂತೆ. ಬಿಪಿ ನೋಡುವವರು ಬೇಕಿಲ್ಲ, ಅದಕ್ಕೆ ಅವಳೇ ಇದ್ದಾಳೆ. ಹಾಗಾಗಿ ನನ್ನ ಹೆಸರು ಪಟ್ಟಿಯಲ್ಲಿಲ್ಲ.

ಕಳೆದ ವಾರ ಮನೆಯಾಕೆಯ ವಾಯ್ಸ್ ಮೆಸೇಜು ಬಂತು. ಜನವರಿಯಲ್ಲಿ ಕಾಫಿ ಹಣ್ಣಾಗಿರುತ್ತದೆ, ಕೀಳಲು ಕೈ ಸಾಲದು, ಎರ್ಮಾನಾ, ನೀನು ಒಬ್ಬಳೇ ಬಾ, ಮೊಮ್ಮಕ್ಕಳ ಜೊತೆ ಮಲಗಲು ಅಡ್ಡಿಯಿಲ್ಲ ತಾನೇ ಎಂದು ಕೇಳಿದ್ದಾಳೆ. ಟಿಕೆಟ್ ನೋಡುತ್ತಿದ್ದೇನೆ. ಇದು ಮಿಶನ್ನೋ ರಜೆಯೋ, ಯಾವ ಖಾತೆಗೆ ಬರೆಯಲಿ ಎಂದು ನಮ್ಮವರು ಕೇಳುತ್ತಾರೆ. ಬುಟ್ಟಿಗೆ ಎಷ್ಟು ಲೆಂಪಿರಾ ಕೂಲಿ ಎಂದು ಮೊದಲು ಕೇಳಿ ಹೇಳುತ್ತೇನೆ ಎಂದಿದ್ದೇನೆ.